ಬೇಗ ಬೆಳ್ಳಗಾದ ಬಟ್ಟೆಗಳು

ಟಿ.ವಿ.ಯಲ್ಲಿ ಮಕ್ಕಳ ಡಯಾಪರಿನ ಜಾಹೀರಾತು ಬಂದಾಗಲೆಲ್ಲ ನನ್ನದೊಂದು ತಕರಾರು ಇದ್ದೇ ಇರುತ್ತದೆ. ಬಿಳಿ ಕೋಟು ಹಾಕಿದ ಯಾರೋ ಒಬ್ಬರು ಗಾಜಿನ ಲೋಟದಿಂದ ಡಯಾಪರಿನ ಮೇಲೆ ನೀರು ಹೊಯ್ಯುತ್ತಾರೆ. ಆ ನೀರು ನೀಲಿ, ಶಾಯಿಯಂಥ ನೀಲಿ. ಅದನ್ನು ಮಗು ಉಚ್ಚೆ ಹೊಯ್ದದ್ದು ಎಂದು ನಾವು ತಿಳಿದುಕೊಳ್ಳಬೇಕು. ಎರಡನೆಯ ಕೆಲಸವನ್ನಂತೂ ಜಾಹೀರಾತಿನ ಮಕ್ಕಳು ಮಾಡುವುದೇ ಇಲ್ಲವೆಂದು ಕಾಣುತ್ತದೆ. ನನ್ನ ಮೊಮ್ಮಗನಿಗೆ ಈಗ ಏಳು ತಿಂಗಳು. ಸೊಸೆ ಅವನ ಡಯಾಪರನ್ನು ಎರಡು ಬೆರಳಿನಲ್ಲಿ ಹಿಡಿದು, ಮಡಚಿ, ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕುವ ಮೊದಲು ನಾನು “ಒಂದು ನಿಮಿಷ, ತೋರಿಸು” ಎನ್ನುತ್ತೇನೆ. ಮೊದಮೊದಲು ಅವಳು, ಈ ಅತ್ತೆಗೆ ಎಂತ ಆಗಿದೆ ಎಂಬ ಹಾಗೆ ನೋಡುತ್ತಿದ್ದಳು. ಈಗ ಮಾತಿಲ್ಲದೆ ತೋರಿಸುತ್ತಾಳೆ. ನಾನು ಕನ್ನಡಕ ಸರಿಮಾಡಿಕೊಂಡು ನೋಡಿ, “ಹಾಂ, ಸರಿ ಉಂಟು” ಎಂದು ಪಾಸು ಮಾಡುತ್ತೇನೆ. ಪಿ.ಯು.ಸಿ.ಯಲ್ಲಿ ರಸಾಯನಶಾಸ್ತ್ರ ಪಾಸಾಗದ ನನಗೆ ಇನ್ನೊಬ್ಬರನ್ನು ಪಾಸು ಮಾಡುವ ಅಧಿಕಾರ ಸಿಕ್ಕಿರುವುದು ಈ ಒಂದು ವಿಷಯದಲ್ಲಿ ಮಾತ್ರ.

ಈ ಅಧಿಕಾರ ನನಗೆ ಬಂದದ್ದೂ ಆ ಫೇಲಿನಿಂದಲೇ. ಎಂಬತ್ತರ ದಶಕದ ಆರಂಭದ ಮಾತು. ನಮ್ಮ ಮನೆ ಕಾಪುವಿನಲ್ಲಿ, ಕಡಲಿನ ಸದ್ದು ಕೇಳುವಷ್ಟು ಹತ್ತಿರದಲ್ಲಿತ್ತು. ಅಪ್ಪ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದರು, ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹತ್ತಿದ ಮೇಲೆ ಎಡವಿ ಬಿದ್ದವಳೂ ನಾನೇ. ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಹೀಗೆ ಕೈ ಖಾಲಿ ಇಟ್ಟುಕೊಂಡು ಕುಳಿತಿದ್ದ ಹೊತ್ತಿಗೆ ಅಕ್ಕ ಶಾರದ ಹೆರಿಗೆಗೆ ತವರಿಗೆ ಬಂದಳು.

ಅಕ್ಕನನ್ನು ಕಾರ್ಕಳಕ್ಕೆ ಕೊಟ್ಟಿತ್ತು. ಭಾವ ಕಾರ್ಕಳದಿಂದ ಬಜಗೋಳಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ನವರಾತ್ರಿ ಮುಗಿದ ವಾರದಲ್ಲಿ ಹೆಣ್ಣುಮಗು ಹುಟ್ಟಿತು. ಮಳೆಗಾಲ ಮುಗಿದು ಮೀನಿನ ಹಂಗಾಮು ಜೋರಾಗಿದ್ದ ಕಾಲ. ಅಪ್ಪ ಕಡಲಿಗೆ, ಅಮ್ಮ ಪೇಟೆಗೆ. ಉಳಿದವಳು ನಾನು. “ಓದಿದ್ದು ಸಾಕು ಮಾರಾಯ್ತಿ, ಈಗ ಮಗುವಿನ ಬಟ್ಟೆ ಒಗಿ” ಎಂದು ಅಮ್ಮ ಒಂದು ಮರದ ಬಾನಿಯನ್ನು ನನ್ನ ಮುಂದೆ ಇಟ್ಟಳು. ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಆಡುತ್ತಿದ್ದದ್ದೆಲ್ಲ ತುಳು. ನಿಮಗಾಗಿ ಕನ್ನಡಕ್ಕೆ ಇಳಿಸುತ್ತಿದ್ದೇನೆ. ಅಮ್ಮನ ಬೈಗುಳ ಮಾತ್ರ ಯಾವ ಭಾಷೆಗೂ ಇಳಿಯುವಂಥದ್ದಲ್ಲ, ಅದನ್ನು ಬಿಟ್ಟಿದ್ದೇನೆ.

ಆಗಿನ ಮಗುವಿನ ಬಟ್ಟೆಗಳೆಂದರೆ ಅಂಗಡಿಯಿಂದ ತಂದವಲ್ಲ. ಒಂದೊಂದಕ್ಕೂ ಒಂದು ಪೂರ್ವಜನ್ಮ ಇರುತ್ತಿತ್ತು. ಅಪ್ಪನ ಹಳೆಯ ಮುಂಡನ್ನು ಹರಿದು ಮಾಡಿದ್ದು ಹತ್ತು, ತೀರಿಹೋದ ಅಜ್ಜಿಯ ನೂಲಿನ ಸೀರೆಯಿಂದ ಎಂಟು, ನನ್ನ ಶಾಲೆಯ ಬಿಳಿ ದಾವಣಿಯಿಂದ ನಾಲ್ಕು. ಹೊಸ ಬಟ್ಟೆ ಮಗುವಿನ ಮೈಗೆ ಒರಟು. ನೂರು ಸಲ ಒಗೆಸಿಕೊಂಡು ಸೋತ ಬಟ್ಟೆಯೇ ಬೇಕು. ಅಜ್ಜಿಯ ಸೀರೆಯ ತುಂಡುಗಳು ಎಷ್ಟು ಮೆತ್ತಗಿದ್ದವೆಂದರೆ ಒದ್ದೆಯಾದರೆ ಕೈಯಲ್ಲಿ ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ.

ಮೊದಲ ದಿನ ನಾನು ಮೂಗಿಗೆ ಟವೆಲು ಕಟ್ಟಿಕೊಂಡು ಬಾವಿಕಟ್ಟೆಯಲ್ಲಿ ಕುಳಿತೆ. ಕುದಿಯುವ ನೀರು ಸುರಿದು ಬಾರ್ ಸೋಪು ತಿಕ್ಕಿದೆ. ಸಾಸಿವೆ ಅರೆದು ಹಚ್ಚಿದಂತಿದ್ದ ಹಳದಿ ಕಲೆ ಬಟ್ಟೆಗೆ ಇನ್ನಷ್ಟು ಗಟ್ಟಿಯಾಗಿ ಕಚ್ಚಿಕೊಂಡಿತು. ಆಗ ಹಿಂದಿನಿಂದ ನಗು ಕೇಳಿಸಿತು. ಲಚ್ಚಕ್ಕ.

ಲಚ್ಚಕ್ಕ ನಮ್ಮ ಊರಿನ ಮಡಿವಾಳರ ಮನೆಯ ಹಿರಿಯಳು. ಆಗಲೇ ಅರವತ್ತು ದಾಟಿದ್ದಿರಬೇಕು. ನಮ್ಮ ಕಡೆ ಹೆರಿಗೆಯ ಸೂತಕ ಕಳೆಯಬೇಕಾದರೆ ಅವರ ಮನೆಯ ಹೆಂಗಸು ಒಗೆದ ಬಟ್ಟೆ ತಂದುಕೊಡಬೇಕು. ಅದಿಲ್ಲದೆ ಬಾಣಂತಿಗೂ ಶುದ್ಧವಿಲ್ಲ, ಮನೆಗೂ ಶುದ್ಧವಿಲ್ಲ. ಅಂಥ ಶುದ್ಧವನ್ನು ಊರಿಗೆಲ್ಲ ಹಂಚುವವಳಿಗೆ ಊರಿನವರು ಕೂರಲು ಕೊಡುತ್ತಿದ್ದದ್ದು ಜಗಲಿಯ ಕೆಳಗಿನ ಮೆಟ್ಟಿಲು. ಆಗ ನನಗೆ ಅದು ವಿಚಿತ್ರವೆಂದು ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ.

“ಕಾಲೇಜಿನಲ್ಲಿ ಎಂತ ಕಲಿಸಿದ್ದು ನಿನಗೆ?” ಎಂದಳು. “ಬಿಸಿನೀರು ಹಾಕಿದರೆ ಕಲೆ ಬೇಯುತ್ತದೆ, ಹೋಗುವುದಿಲ್ಲ. ಮೊದಲು ತಣ್ಣೀರು. ಮತ್ತೆ ನೊರೆಕಾಯಿ. ಮತ್ತೆ ಬಿಸಿಲು.”

ಅವಳ ಪಾಠ ಅಷ್ಟೇ. ನೊರೆಕಾಯಿ ಎಂದರೆ ಅಂಟುವಾಳ, ರಾತ್ರಿ ನೆನೆಸಿಟ್ಟರೆ ಸೋಪಿನ ಹಾಗೆ ನೊರೆ ಬರುತ್ತದೆ. ಹಿತ್ತಲಲ್ಲಿ ಬಿಂಬುಳಿ ಮರ ಇತ್ತು. ಅದರ ಹುಳಿಕಾಯಿಯನ್ನು ಜಜ್ಜಿ ಕಲೆಗೆ ಉಜ್ಜಿ, ಬಟ್ಟೆಯನ್ನು ಹಿಂಡದೆ ಒದ್ದೆಯಾಗಿಯೇ ಗರಿಕೆಯ ಮೇಲೆ ಹರಡಬೇಕು. “ಹಳದಿಗೆ ಬಿಸಿಲೆಂದರೆ ಹೆದರಿಕೆ. ನೀನು ನೋಡುತ್ತಾ ಇರು, ಓಡುತ್ತದೆ” ಎಂದಳು. ನಿಜವಾಗಿಯೂ ಓಡುತ್ತಿತ್ತು. ಮಧ್ಯಾಹ್ನಕ್ಕೆ ಮುಕ್ಕಾಲು ಪಾಲು ಮಾಯ. ಉಳಿದ ಕಾಲು ಪಾಲು ಮಾತ್ರ ಹಟಮಾರಿ. ಕೊನೆಯ ನೀರಿನಲ್ಲಿ ಸೋಪಿನ ಒಂದು ಗುಳ್ಳೆಯೂ ಇರಬಾರದು, ಇದ್ದರೆ ಮಗುವಿನ ತೊಡೆ ಕೆಂಪಾಗುತ್ತದೆ ಎಂದು ಹೇಳಿ, ನಾನು ಜಾಲಿಸಿದ ನೀರನ್ನು ಅಂಗೈಯಲ್ಲಿ ತೆಗೆದು ನೋಡಿ, “ಇನ್ನೊಂದು ಸಲ” ಎನ್ನುತ್ತಿದ್ದಳು. ಹತ್ತು ದಿನ ಹೀಗೆ ನನ್ನ ಬೆನ್ನಹಿಂದೆ ನಿಂತು ಕಲಿಸಿದವಳು, ಮಗಳಿಗೆ ಹುಷಾರಿಲ್ಲವೆಂದು ಸುದ್ದಿ ಬಂದು ಎಲ್ಲೂರಿಗೆ ಹೋದಳು. ಹೋದವಳು ಒಂದೂವರೆ ತಿಂಗಳು ಬರಲಿಲ್ಲ.

ಆ ಒಂದೂವರೆ ತಿಂಗಳಿನಲ್ಲಿ ನಾನು ಪಂಡಿತೆಯಾದೆ.

ಮೊದಲ ಕೆಲವು ವಾರ ಆ ಹಟಮಾರಿ ಕಾಲು ಪಾಲಿನ ಜೊತೆ ಯುದ್ಧ ಮಾಡಿದೆ. ಬಿಂಬುಳಿಯ ಜೊತೆ ಲಿಂಬೆ ಸೇರಿಸಿದೆ, ಒಲೆಯ ಬೂದಿಯ ತಿಳಿನೀರಿನಲ್ಲಿ ನೆನೆಹಾಕಿದೆ, ನೊರೆಕಾಯಿಯನ್ನು ರಾತ್ರಿಯ ಬದಲು ಬೆಳಿಗ್ಗೆ ನೆನೆಸಿ ನೋಡಿದೆ. ಆಮೇಲೆ ಇದ್ದಕ್ಕಿದ್ದಂತೆ ಬಟ್ಟೆಗಳು ಸೋಲತೊಡಗಿದವು. ಎರಡು ಸಲ ಕುಕ್ಕಿದರೆ ಸಾಕು, ಬೆಳ್ಳಗೆ. ಬಿಸಿಲು ಕೂಡ ಬೇಡ. ಕೊಕ್ಕರೆಗಳು ಸಾಲಾಗಿ ಕುಳಿತ ಹಾಗೆ ಹಗ್ಗದ ಮೇಲೆ ಇಪ್ಪತ್ತೆರಡು ಬಟ್ಟೆಗಳು. ನಾನು ಸೊಂಟಕ್ಕೆ ಕೈಯಿಟ್ಟು ನೋಡಿ ನಿಲ್ಲುತ್ತಿದ್ದೆ. ಪಕ್ಕದ ಮನೆಯ ಹೆಂಗಸರು ಬಂದು, “ಎಂತ ಹಾಕುತ್ತೀ? ನಮಗೂ ಹೇಳು” ಎಂದರು. ನಾನು ಹೇಳಿದೆ. ಬರೇ ಹೇಳಲಿಲ್ಲ, ಆಮ್ಲ ಮತ್ತು ಕ್ಷಾರ ಸೇರಿದಾಗ ಏನಾಗುತ್ತದೆ ಎಂಬ ಉಪನ್ಯಾಸವನ್ನೂ ಕೊಟ್ಟೆ. ಪರೀಕ್ಷೆಯಲ್ಲಿ ಬರೆಯಲು ಬಾರದಿದ್ದದ್ದನ್ನೆಲ್ಲ ಬಾವಿಕಟ್ಟೆಯಲ್ಲಿ ನಿರರ್ಗಳವಾಗಿ ಆಡಿದೆ.

ಒಂದು ಕಿರಿಕಿರಿ ಮಾತ್ರ ಇತ್ತು. ಮಗು ಉಚ್ಚೆ ಹೊಯ್ದ ಬಟ್ಟೆ ಅರಸಿನ ನೀರು ಚೆಲ್ಲಿದ ಹಾಗೆ ಹಳದಿಯಾಗುತ್ತಿತ್ತು. ಅದು ಬಾವಿಯ ಕಬ್ಬಿಣದ ಬಕೆಟಿನ ತುಕ್ಕು ಎಂದು ತೀರ್ಮಾನಿಸಿ ಬಕೆಟನ್ನು ಮೂಲೆಗೆ ಎಸೆದು ತಾಮ್ರದ ಕೊಡಪಾನ ಕಟ್ಟಿದೆ. ಹಳದಿ ಹೋಗಲಿಲ್ಲ. ತಾಮ್ರವೂ ಸರಿಯಿಲ್ಲವೆಂದು ತಾಮ್ರವನ್ನು ಬೈದೆ.

ಮಗುವನ್ನು ನೋಡಲು ಬಂದವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: “ಅಬ್ಬಾ, ಎಂಥ ಬಣ್ಣ! ಬಂಗಾರದ ಹಾಗೆ ಉಂಟಲ್ಲ!” ಕಡಲ ಬಿಸಿಲಿಗೆ ಕಪ್ಪಾದ ನಮ್ಮ ಮನೆತನದಲ್ಲಿ ಇಂಥದ್ದು ಹುಟ್ಟಿತಲ್ಲ ಎಂದು ಅಪ್ಪನಿಗೆ ಹೆಮ್ಮೆ. ತೊಟ್ಟಿಲಿಗೆ ಹಾಕುವ ದಿನ ಹೇಮಾ ಎಂದೇ ಹೆಸರಿಟ್ಟರು. ರಜೆಯ ದಿನ ಬಸ್ಸಿನ ಧೂಳಿನಲ್ಲಿ ಬರುತ್ತಿದ್ದ ಭಾವ, ಮಗುವನ್ನು ಎತ್ತಿಕೊಂಡು “ರೈಟ್, ಪೋಯಿ!” ಎಂದು ಬಸ್ಸು ಹೊರಡಿಸುವ ಹಾಗೆ ಕೂಗಿ ಅಂಗಳ ಸುತ್ತುತ್ತಿದ್ದರು. ಮಗು ಸ್ವಲ್ಪ ಸಪ್ಪಗಿದೆ, ಹಾಲು ಕುಡಿದರೂ ಮೈ ಹತ್ತುತ್ತಿಲ್ಲ ಎಂದು ಅಕ್ಕ ಒಂದೆರಡು ಸಲ ಹೇಳಿದ್ದಳು. ದಿನವೂ ನೋಡುವ ಕಣ್ಣಿಗೆ ಏನೂ ಕಾಣುವುದಿಲ್ಲ ನೋಡಿ.

ಲಚ್ಚಕ್ಕ ಎಲ್ಲೂರಿನಿಂದ ವಾಪಸು ಬಂದ ದಿನ ನಾನು ಅವಳ ಕೈ ಹಿಡಿದು ನೇರ ಹಗ್ಗದ ಬಳಿಗೆ ಎಳೆದುಕೊಂಡು ಹೋದೆ. ಗುರುವಿಗೆ ಶಿಷ್ಯೆಯ ಸಾಧನೆ ತೋರಿಸುವ ಗತ್ತು. “ನೋಡು ಲಚ್ಚಕ್ಕ, ಒಂದು ಚುಕ್ಕೆ ಉಂಟಾ? ಬಿಸಿಲಿಗೆ ಕೂಡ ಹಾಕುವುದಿಲ್ಲ ಈಗ ನಾನು. ಎರಡೇ ಕುಕ್ಕು.”

ಅವಳು ಹೊಗಳಲಿಲ್ಲ. ಒಂದು ಬಟ್ಟೆಯನ್ನು ಹಿಡಿದು ಬೆಳಕಿಗೆ ಎತ್ತಿ ನೋಡಿದಳು. ಇನ್ನೊಂದನ್ನು ನೋಡಿದಳು.

“ಒಗೆಯದ್ದು ಉಂಟಾ?”

“ಉಂಟು, ಬಾನಿಯಲ್ಲಿ. ಈಗಷ್ಟೇ ಆದದ್ದು.”

ಬಾನಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಆ ಬಟ್ಟೆ ಬಿಡಿಸಿದಳು. ಅಕ್ಕಿಹಿಟ್ಟು ಕಲಸಿಟ್ಟ ಹಾಗೆ, ಒಣಗಿದ ಜೇಡಿಯ ಹಾಗೆ ಬಿಳಿಚಿಕೊಂಡದ್ದು. ನಾನು ದಿನವೂ ನೋಡುತ್ತಿದ್ದದ್ದೇ. ಆದರೆ ಅವಳ ಮುಖ ನೋಡಿದ ಮೇಲೆ ಅದು ಬೇರೆಯೇ ಆಗಿ ಕಂಡಿತು.

“ಎಷ್ಟು ದಿನ ಆಯ್ತು ಹೀಗೆ?”

“ಮೂರು ವಾರ ಆಯ್ತೇನೋ. ನಾನು ಆ ಬೂದಿನೀರು ಹಾಕಲು ಸುರುಮಾಡಿದ ಮೇಲೆ...”

“ನೀನು ಹಳದಿ ತೆಗೆದದ್ದಲ್ಲ ಮಗ,” ಎಂದಳು ಲಚ್ಚಕ್ಕ. “ಹಳದಿ ಬರಲೇ ಇಲ್ಲ.”

ಅವಳು ಜಗಲಿಯ ಮೆಟ್ಟಿಲಿನಲ್ಲಿ ಕೂರಲಿಲ್ಲ ಆವತ್ತು. ಸೀದಾ ಒಳಗೆ ಹೋದಳು, ಬಾಣಂತಿಯ ಕೋಣೆಗೆ. ಮಗುವನ್ನು ಎತ್ತಿಕೊಂಡು ಅಂಗಳದ ಬಿಸಿಲಿಗೆ ತಂದು, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದಳು. ಅಷ್ಟು ದಿನ ನಾವೆಲ್ಲ ಬಂಗಾರ ಎಂದದ್ದು ಆ ಕಣ್ಣಿನ ಬಿಳಿಯಲ್ಲಿಯೂ ಇತ್ತು.

ಅಮ್ಮ ಖಾಲಿ ಬುಟ್ಟಿ ಹಿಡಿದು ಬಂದದ್ದು ಆ ಹೊತ್ತಿಗೆ. ಬಾಣಂತಿಯ ಕೋಣೆಯ ಬಾಗಿಲು ತೆರೆದದ್ದು, ಮಗು ಹೊರಗೆ ಇರುವುದು, ಅಕ್ಕ ಅಳುತ್ತಿರುವುದು ನೋಡಿ, ಕಾಮಾಲೆ ಎಂಬ ಮಾತು ಕೇಳಿ ಅವಳ ಸಿಟ್ಟೆಲ್ಲ ಲಚ್ಚಕ್ಕನ ಮೇಲೆ ತಿರುಗಿತು. “ಚಂದದ ಮಗುವಿಗೆ ಕಣ್ಣು ಹಾಕಲು ಬಂದದ್ದಾ ನೀನು? ಮಕ್ಕಳಿಗೆ ಕಾಮಾಲೆ ಬರುತ್ತದೆ, ಹೋಗುತ್ತದೆ. ನಾಟಿ ಮದ್ದು ಕೊಡುವವರು ಇದ್ದಾರೆ. ಏಳು ದಿನ ಕೊಟ್ಟರೆ ಇಳಿಯುತ್ತದೆ.”

“ಮದ್ದು ಬೇಕಾದರೆ ಆಮೇಲೆ ಕೊಡಿ,” ಲಚ್ಚಕ್ಕ ದನಿ ಏರಿಸಲಿಲ್ಲ. “ಮೊದಲು ಮಣಿಪಾಲಕ್ಕೆ ಕೊಂಡುಹೋಗಿ. ಇವತ್ತೇ. ಇದು ಏಳು ದಿನ ಕಾಯುವಂಥದ್ದಲ್ಲ.”

“ನಿನಗೆ ಎಂತ ಗೊತ್ತು? ನೀನೇನು ಡಾಕ್ಟರಾ?”

ಲಚ್ಚಕ್ಕ ನೆಲ ನೋಡಿ ನಿಂತಳು. ಮಾತಾಡಬೇಕಾದವಳು ನಾನು ಎಂದು ನನಗೆ ಗೊತ್ತಿತ್ತು. ನಾಲಗೆ ಏಳುತ್ತಿರಲಿಲ್ಲ. ಮೂರು ವಾರ ನೆರೆಮನೆಯವರ ಮುಂದೆ ಅಷ್ಟು ಸಲೀಸಾಗಿ ಆಡಿದ ನಾಲಗೆ ಅದು.

“ಅಮ್ಮ,” ಎಂದೆ, “ಮೂರು ವಾರ ಆಗಲೇ ಹೋಗಿದೆ. ನಾನು ನೋಡಿದ್ದೇನೆ. ದಿನಾ ನೋಡಿದ್ದೇನೆ. ನನ್ನ ಒಗೆತ ಚಂದ ಆಗಿದೆ ಅಂತ ತಿಳಿದುಕೊಂಡಿದ್ದೆ.”

ಅಮ್ಮ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಬುಟ್ಟಿಯನ್ನು ನೆಲಕ್ಕಿಟ್ಟು ಮಗುವಿನ ಕಣ್ಣನ್ನೇ ನೋಡುತ್ತ ನಿಂತುಬಿಟ್ಟಳು. ಅಷ್ಟರಲ್ಲಿ ಅಕ್ಕ ಒಳಗೆ ಹೋಗಿ ಸೀರೆ ಬದಲಿಸಿ, ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಬಂದಿದ್ದಳು. ಬಾಣಂತಿ ಗಾಳಿಗೆ ಹೋಗಬಾರದು ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಉಡುಪಿಯಿಂದ ಮಣಿಪಾಲದ ಗುಡ್ಡ ಹತ್ತಲು ಇನ್ನೊಂದು. ಕಿಟಕಿಯ ಗಾಳಿ ತಾಗದಂತೆ ನಾನು ಇಡೀ ದಾರಿ ಸೆರಗು ಹಿಡಿದು ನಿಂತಿದ್ದೆ.

ಡಾಕ್ಟರು ಮಗುವನ್ನು ನೋಡಿದರು, ಹೊಟ್ಟೆ ಒತ್ತಿದರು, ಮತ್ತೆ ಕೇಳಿದರು: “ಹೇಲಿನ ಬಣ್ಣ ಹೇಗಿದೆ? ಬಟ್ಟೆ ಏನಾದರೂ ತಂದಿದ್ದೀರಾ?” ನಾನು ಚೀಲ ಬಿಚ್ಚಿದೆ. ಹೆದರಿಕೆಯಲ್ಲಿ ನಾನು ತುಂಬಿಸಿಕೊಂಡು ಬಂದದ್ದು ಒಗೆದು ಮಡಚಿಟ್ಟ ಇಪ್ಪತ್ತು ಬಟ್ಟೆಗಳು. ಕೊಳೆಯಾದದ್ದು ಒಂದೂ ಇಲ್ಲ. ಡಾಕ್ಟರು ಅವುಗಳನ್ನು ನೋಡಿ, “ಚೆನ್ನಾಗಿ ಒಗೆದಿದ್ದೀರಿ” ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆ ಹೊಗಳಿಕೆಯಷ್ಟು ಕಹಿಯಾದ ಮಾತನ್ನು ನಾನು ಮತ್ತೆ ಕೇಳಿಲ್ಲ. ಪುಣ್ಯಕ್ಕೆ ಅರ್ಧ ಗಂಟೆಯಲ್ಲಿ ಹೇಮಾಳೇ ಬೇಕಾದ ಸಾಕ್ಷಿ ಒದಗಿಸಿದಳು.

ಪಿತ್ತ ಇಳಿಯುವ ನಾಳ ಒಂದು ಕಡೆ ಚೀಲದ ಹಾಗೆ ಊದಿಕೊಂಡು ದಾರಿ ಕಟ್ಟಿದೆಯಂತೆ. ಹೇಲಿಗೆ ಹಳದಿ ಬರುವುದು ಆ ಪಿತ್ತದಿಂದ. ಅದು ಕರುಳಿಗೆ ಇಳಿಯದೆ ಮೈಗೆಲ್ಲ ಏರಿ, ಉಚ್ಚೆಯಲ್ಲಿ ಹೊರಗೆ ಬರುತ್ತಿದೆ. ಆಪರೇಷನ್ ಮಾಡಲೇಬೇಕು. ತಡಮಾಡಿದರೆ ಲಿವರ್ ಹಾಳಾಗುತ್ತದೆ, ಆಮೇಲೆ ಮಾಡಿ ಪ್ರಯೋಜನವಿಲ್ಲ. “ಸದ್ಯ, ಈಗಲಾದರೂ ಬಂದಿರಿ. ಯಾರು ಗಮನಿಸಿದ್ದು?” ಎಂದು ಡಾಕ್ಟರು ನಮ್ಮ ಮುಖ ನೋಡಿದರು. “ನಮ್ಮ ಲಚ್ಚಕ್ಕ” ಎಂದೆ. ಲಚ್ಚಕ್ಕ ಯಾರೆಂದು ಅವರು ಕೇಳಲಿಲ್ಲ. ಅಜ್ಜಿ ಎಂದು ತಿಳಿದುಕೊಂಡಿರಬೇಕು.

ಎರಡು ತಿಂಗಳ ಮಗುವಿನ ಹೊಟ್ಟೆ ಕೊಯ್ಯುವುದೆಂದರೆ ಆಗ ನಮಗೆ ಊಹೆಗೂ ಮೀರಿದ ಮಾತು. ಅಪ್ಪ ಕಡಲಿನಿಂದ ಬಂದು ಆಸ್ಪತ್ರೆಯ ಮೆಟ್ಟಿಲಿನಲ್ಲಿ ಕುಳಿತವರು ಏಳಲಿಲ್ಲ. ಭಾವ ಬಜಗೋಳಿಯಿಂದ ಖಾಕಿ ಬಟ್ಟೆಯಲ್ಲೇ ಓಡಿಬಂದರು; ಅವರ ಜೊತೆ ಬಸ್ಸಿನ ಡ್ರೈವರೂ ರಕ್ತ ಕೊಡಲು ಬಂದಿದ್ದ. ಎಲ್ಲರಿಗಿಂತ ಗಟ್ಟಿಗಳಾಗಿದ್ದವಳು ಅಕ್ಕ. ಮಗುವನ್ನು ಒಳಗೆ ಕೊಂಡುಹೋದ ಮೇಲೆ ನನ್ನ ಪಕ್ಕ ಕುಳಿತು, “ನೀನು ಅಳಬೇಡ. ಹಾಲು ಕೊಡುವವಳು ನಾನು. ನಾನೇ ನೋಡಲಿಲ್ಲವಲ್ಲ” ಎಂದಳು. ಅಷ್ಟು ಹೇಳಿ ನನ್ನ ಹೆಗಲಿಗೆ ಒರಗಿ ಅವಳೇ ಅತ್ತಳು.

ಆಪರೇಷನ್ ಸರಿಯಾಯಿತು ಎಂದರು. ಆದರೆ ದಾರಿ ತೆರೆದಿದೆಯೋ ಇಲ್ಲವೋ ಗೊತ್ತಾಗಬೇಕಾದರೆ ಕಾಯಬೇಕು. ಯಾವುದಕ್ಕೆ ಕಾಯುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ವಾರ್ಡಿನ ಹಿಂದೆ ಬಟ್ಟೆ ಒಗೆಯುವ ಕಟ್ಟೆ ಇತ್ತು. ಬೇರೆಬೇರೆ ಊರಿನ ಹೆಂಗಸರು ಅಲ್ಲಿ ಸೇರುತ್ತಿದ್ದರು. ಎರಡೇ ದಿನದಲ್ಲಿ ಅವರಿಗೆಲ್ಲ ನಮ್ಮ ಕಥೆ ಗೊತ್ತಾಯಿತು. “ಬಂತಾ?” ಎಂದು ಕೇಳುವರು. “ಇಲ್ಲ” ಎನ್ನುವೆ. ಆ ದಿನಗಳಲ್ಲೇ ನನ್ನ ಪರೀಕ್ಷೆಯ ಫಲಿತಾಂಶವೂ ಬಂದಿತ್ತು, ಮತ್ತೆ ಫೇಲು. ಮನೆಯಲ್ಲಿ ಯಾರಿಗೂ ಅದನ್ನು ಕೇಳುವ ನೆನಪಾಗಲಿಲ್ಲ. ನನಗೂ ಆಗಲಿಲ್ಲ.

ಆರನೆಯ ದಿನ ಬೆಳಿಗ್ಗೆ ಬಟ್ಟೆ ಬಿಡಿಸಿದವಳು ಹಾಗೆಯೇ ನಿಂತೆ. ಮೊದಲಿನ ಸಾಸಿವೆಯ ಹಳದಿಯಲ್ಲ, ಸ್ವಲ್ಪ ಹಸುರು ಮಿಶ್ರ. ಆದರೆ ಬಣ್ಣ! ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ವಾರ್ಡಿನ ನಡುವೆ ಓಡಿದೆ. “ಏ ಹುಡುಗಿ, ಎಂತ ಇದು? ಇಡೀ ವಾರ್ಡಿಗೆ ಮೆರವಣಿಗೆಯಾ?” ಎಂದು ನರ್ಸು ಗದರಿಸಿದವಳು, ಬಟ್ಟೆ ನೋಡಿ, ಗದರಿಕೆ ಅರ್ಧಕ್ಕೆ ನಿಲ್ಲಿಸಿ ಡಾಕ್ಟರನ್ನು ಕರೆಯಲು ಹೋದಳು. ಕಟ್ಟೆಯ ಹೆಂಗಸರು ಒದ್ದೆ ಕೈಯಲ್ಲೇ ಬಂದು ಒಬ್ಬೊಬ್ಬರಾಗಿ ನೋಡಿ ಹೋದರು.

ಹೇಮಾ ಉಳಿದಳು. ಮೈ ಹತ್ತಲು ಒಂದು ವರ್ಷ ಹಿಡಿಯಿತು. ಬಂಗಾರದ ಬಣ್ಣ ಇಳಿದು ನಮ್ಮ ಮನೆತನದ ಕಪ್ಪು ಬಂತು; ಹೆಸರು ಮಾತ್ರ ಹಾಗೆಯೇ ಉಳಿಯಿತು. ಈಗ ಅವಳು ಕಾರ್ಕಳದಲ್ಲಿ ಹೈಸ್ಕೂಲಿನ ಟೀಚರು, ಕಲಿಸುವುದು ವಿಜ್ಞಾನ. ನನ್ನನ್ನು ಕಂಡರೆ “ಚಿಕ್ಕಮ್ಮ, ಆಮ್ಲ ಮತ್ತು ಕ್ಷಾರ ಸೇರಿದರೆ ಎಂತ ಆಗುತ್ತದೆ?” ಎಂದು ಛೇಡಿಸುತ್ತಾಳೆ. ಯಾರೋ ಹೇಳಿಕೊಟ್ಟಿದ್ದಾರೆ.

ಆದರೆ ಆ ಆರನೆಯ ದಿನದ ಮಾತು ಇನ್ನೂ ಮುಗಿದಿಲ್ಲ. ಡಾಕ್ಟರು ನೋಡಿ ಹೋದ ಮೇಲೆ ನಾನು ಆ ಬಟ್ಟೆಯನ್ನು ಒಗೆಯಲಿಲ್ಲ. ಮನೆಯಿಂದ ಅಕ್ಕನಿಗೆ ಸೀರೆ ತರಬೇಕಿತ್ತು. ಬಟ್ಟೆಯನ್ನು ಬಾಳೆಲೆಯಲ್ಲಿ ಸುತ್ತಿ, ಮೇಲೆ ಪೇಪರು ಸುತ್ತಿ, ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಉಡುಪಿ ದಾಟುವ ಹೊತ್ತಿಗೆ ಪಕ್ಕದಲ್ಲಿದ್ದ ಗಂಡಸು ಮೂಗು ಮುಚ್ಚಿಕೊಂಡು ಬೇರೆ ಸೀಟಿಗೆ ಹೋದರು. ಮೀನು ಮಾರುವವಳ ಮಗಳು ನಾನು. ಅದೆಲ್ಲ ನನಗೆ ಹೊಸದಲ್ಲ.

ಲಚ್ಚಕ್ಕ ತೋಡಿನ ಬದಿಯ ಒಗೆಯುವ ಕಲ್ಲಿನ ಹತ್ತಿರ ಇದ್ದಳು. ನನ್ನನ್ನು ನೋಡಿದವಳು ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿನ ಮೇಲೆ ಹಾಗೆಯೇ ಬಿಟ್ಟಳು. ಕೇಳಲಿಲ್ಲ. ಕೇಳಲು ಹೆದರಿಕೆ ಇದ್ದಿರಬೇಕು. ನಾನು ಬಾಳೆಲೆ ಬಿಡಿಸಿ ಅವಳ ಮುಂದೆ ಹಿಡಿದೆ.

ತುಂಬಾ ಹೊತ್ತು ನೋಡಿದಳು. ಮತ್ತೆ ಆ ಬಟ್ಟೆಯನ್ನು ಕೈಗೆ ತೆಗೆದುಕೊಂಡು, ನೀರಿನ ಕಡೆ ಮುಖ ಮಾಡಿ ಹೇಳಿದಳು:

“ನನ್ನ ಎರಡನೆಯದು ಗಂಡು. ಅವನ ಬಟ್ಟೆ ಕೂಡ ಹೀಗೇ ಬೇಗ ಬೆಳ್ಳಗಾಗುತ್ತಿತ್ತು. ಊರಿನ ಬಟ್ಟೆಯೆಲ್ಲ ಒಗೆಯುವವಳಲ್ವಾ ನಾನು. ನನ್ನ ಕೈಗುಣ ಅಂತ ತಿಳಿದುಕೊಂಡೆ.”

ಅಮ್ಮ ಅಷ್ಟು ಕೇಳಿದಾಗಲೂ ಅವಳು ಅದನ್ನು ಆಡಿರಲಿಲ್ಲ. “ಎಷ್ಟು ತಿಂಗಳಾಗಿತ್ತು?” ಎಂದೆ.

“ಐದು.”

ಹಾಗೆ ಹೇಳಿ ಅವಳು ಬಟ್ಟೆಯನ್ನು ತೋಡಿನ ನೀರಿಗೆ ಇಳಿಸಿದಳು. “ಬೇಡ ಲಚ್ಚಕ್ಕ, ಇರಲಿ ಅದು” ಎಂದೆ.

“ಇಟ್ಟುಕೊಂಡು ಎಂತ ಮಾಡುತ್ತೀ? ನಾಳೆ ಮಗುವಿಗೆ ಬೇಕಲ್ವಾ?”

ನೊರೆಕಾಯಿ ಹಾಕಿ ತಿಕ್ಕಿದಳು. ಕುಕ್ಕಿದಳು. ಜಾಲಿಸಿ ನೋಡಿದಳು. ಮತ್ತೆ ತಿಕ್ಕಿದಳು. ಅಜ್ಜಿಯ ಸೀರೆಯ ಆ ಮೆತ್ತನೆಯ ತುಂಡಿನ ನಡುವೆ ಅಂಗೈಯಗಲ ಹಳದಿ ಹಾಗೆಯೇ ನಿಂತಿತ್ತು. ಲಚ್ಚಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ಎತ್ತಿದಳು. “ಹೋಗುವುದಿಲ್ಲ ಮಾರಾಯ್ತಿ,” ಎಂದಳು. ಅವಳ ಕಣ್ಣಿನಲ್ಲಿ ನೀರಿತ್ತು, ಬಾಯಿ ನಗುತ್ತಿತ್ತು. “ಗಟ್ಟಿ ಉಂಟು. ಸಾಕು.”

ನಾನು ಮದುವೆಯಾಗಿ ಕಾಪು ಬಿಡುವವರೆಗೂ ಲಚ್ಚಕ್ಕ ನಮ್ಮ ಮನೆಯ ಬಟ್ಟೆ ಒಗೆದಿದ್ದಾಳೆ. ಕಲೆ ಉಳಿಸಿ ಅವಳು ಹಿಂಡಿ ಕೊಟ್ಟದ್ದು ಅದೊಂದೇ ಬಟ್ಟೆ.